ಒಂದು ಸೆಕೆಂಡಿನಷ್ಟು ಕನ್ನಡ

“ಇದ್ರ ದನಿ ಎಲ್ಲಿ ಹೋತು ಕೂಸೆ?”

ಚಿಕ್ಕಪ್ಪ ಮೊದಲು ಕೇಳಿದ್ದು ಇದನ್ನೇ. ಜುಲೈ ತಿಂಗಳ ಒಂದು ಶನಿವಾರ, ಶಿರಸಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿರುವ ನಮ್ಮ ಮನೆ, ಮಳೆ ಹಿಡಿದು ಮೂರು ದಿನ. ಜಗಲಿಯ ಮೇಜಿನ ಮೇಲೆ ಹಳೆಯ ಡಬ್ಬಿ ಟಿವಿ, ಅದರ ಮುಂದೆ 1988ರ ಕಪ್ಪು ಕಂಪ್ಯೂಟರ್, ಅದರ ಬೆನ್ನಿಗೆ ನಾನು ಹೊಸದಾಗಿ ಸಿಕ್ಕಿಸಿದ್ದ, ಮೆಮೊರಿ ಕಾರ್ಡು ಹಾಕುವ ಅಂಗೈ ಅಗಲದ ಬೋರ್ಡು. ಬೋರ್ಡಿನ ಗುಂಡಿ ಒತ್ತಿದೆ. ಫೈಲುಗಳ ಪಟ್ಟಿ ಬಂತು. ಒಂದನ್ನು ಆರಿಸಿದೆ. ಉಸಿರು ಎಳೆದು ಬಿಡುವುದರೊಳಗೆ ಆಟ ತೆರೆದುಕೊಂಡಿತು. ಚಿಕ್ಕಪ್ಪ ಮಾತ್ರ ಇನ್ನೂ ಕಿವಿಗೊಟ್ಟು ಕಾಯುತ್ತಲೇ ಇದ್ದ. ಐದು ನಿಮಿಷ ಕ್ಯಾಸೆಟ್ಟಿನ ಕಿರುಚಾಟ ಕೇಳಿದ ಮೇಲೆಯೇ ಪರದೆಯಲ್ಲಿ ಏನಾದರೂ ಬರಬೇಕು ಎಂಬ ಅಭ್ಯಾಸ ಅವನ ಕಿವಿಯಿಂದ ಇನ್ನೂ ಹೋಗಿಲ್ಲ.

“ದನಿ ಬೇಡ ಚಿಕ್ಕಪ್ಪ, ಈಗ ಎಲ್ಲ ಕಾರ್ಡಲ್ಲೇ ಇದ್ದು” ಅಂದೆ. ಆ ಉತ್ತರ ಅರ್ಧ ಮಾತ್ರ ಸರಿ ಎಂದು ತಿಳಿಯಲು ಮೂರು ತಿಂಗಳು ಹಿಡಿಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಯಂತ್ರ ನಮ್ಮ ಮನೆಗೆ ಬಂದದ್ದು 1988ರ ಬೇಸಿಗೆಯಲ್ಲಿ. ಚಿಕ್ಕಪ್ಪ ಆಗ ಪುಣೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ರಜೆಗೆ ಬರುವಾಗ ಟ್ರಂಕಿನೊಳಗೆ ಪಂಚೆಗಳ ನಡುವೆ ಸುತ್ತಿಟ್ಟುಕೊಂಡು ಬಂದಿದ್ದ. ಹೆಸರು ಡಿಬಿ ಸ್ಪೆಕ್ಟ್ರಮ್ ಪ್ಲಸ್. ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ 1982ರ ಏಪ್ರಿಲ್‌ನಲ್ಲಿ ಝಡ್‌ಎಕ್ಸ್ ಸ್ಪೆಕ್ಟ್ರಮ್ ಹೊರತಂದಿತು, 1984ರಲ್ಲಿ ಅದಕ್ಕೇ ಗಟ್ಟಿ ಕೀಲಿಗಳನ್ನು ಕೂರಿಸಿ ‘ಪ್ಲಸ್’ ಮಾಡಿತು. ಅದನ್ನು 1986ರಿಂದ ಪರವಾನಗಿ ಪಡೆದು ಭಾರತದಲ್ಲಿ ಮಾರಿದ್ದು ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್. 48 ಕೆಬಿ ಮೆಮೊರಿ, 3.5 ಮೆಗಾಹರ್ಟ್ಸ್ ವೇಗದ ಝಡ್-80 ಪ್ರೊಸೆಸರ್. ಫ್ಲಾಪಿ ಇಲ್ಲ, ಡಿಸ್ಕ್ ಇಲ್ಲ. ಸ್ವಿಚ್ ಆರಿಸಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಉಳಿಸಿಕೊಳ್ಳಬೇಕೆಂದರೆ ಇದ್ದದ್ದು ಒಂದೇ ದಾರಿ, ಟೇಪ್‌ರೆಕಾರ್ಡರ್.

ಟೇಪ್‌ರೆಕಾರ್ಡರ್ ನಮ್ಮ ಮನೆಯಲ್ಲಿ ಮೊದಲೇ ಇತ್ತು. ಅದು ಅಜ್ಜನ ಯಕ್ಷಗಾನದ ಟೇಪ್‌ರೆಕಾರ್ಡರ್. ಆಟಕ್ಕೆ ಹೋದಾಗ ರಂಗಸ್ಥಳದ ಪಕ್ಕದಲ್ಲಿಟ್ಟು ಪದ್ಯ ಹಿಡಿದುಕೊಂಡು ಬರುವುದು, ಮಳೆಗಾಲದಲ್ಲಿ ಅಡಿಕೆ ಸಿಪ್ಪೆಯ ಬೆಂಕಿಯ ಮುಂದೆ ಕೂತು ಕೇಳುವುದು. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ಖಾಲಿ ಕ್ಯಾಸೆಟ್ಟುಗಳನ್ನು ಒಟ್ಟಿಗೇ ತಂದಿಡುತ್ತಿದ್ದರು. ಆ ಕ್ಯಾಸೆಟ್ಟುಗಳಲ್ಲಿ ಕೆಲವನ್ನು ಚಿಕ್ಕಪ್ಪ ಬೇಡಿ ತೆಗೆದುಕೊಂಡ. ಹಾಗಾಗಿ ನಮ್ಮ ಮನೆಯ ಕೆಲವು ಕ್ಯಾಸೆಟ್ಟುಗಳ ಒಂದು ಬದಿಯಲ್ಲಿ ಭಾಗವತಿಕೆ, ಇನ್ನೊಂದು ಬದಿಯಲ್ಲಿ ಕಂಪ್ಯೂಟರಿನ ಕಿರುಚಾಟ.

ಆ ಕಿರುಚಾಟವನ್ನು ಕೇಳದವರಿಗೆ ಹೇಳುವುದು ಕಷ್ಟ. ‘ಜೆ’ ಕೀಲಿ ಒತ್ತಿದರೆ ಲೋಡ್ ಎಂಬ ಪದ ಇಡಿಯಾಗಿ ಬರುತ್ತಿತ್ತು, ಮುಂದೆ ಎರಡು ಉದ್ಧರಣ ಚಿಹ್ನೆ, ಎಂಟರ್, ಆಮೇಲೆ ಟೇಪಿನ ಪ್ಲೇ. ಮೊದಲು ಐದು ಸೆಕೆಂಡು ಒಂದೇ ಶ್ರುತಿ, 800 ಹರ್ಟ್ಸಿನ ಆಸುಪಾಸಿನದು. ಟಿವಿಯ ಅಂಚಿನಲ್ಲಿ ಕೆಂಪು ಮತ್ತು ತಿಳಿನೀಲಿ ಪಟ್ಟಿಗಳು ನಿಧಾನ ಹರಿಯುತ್ತವೆ. ಆಮೇಲೆ ಚುಟುಕಾಗಿ ಒಂದು ಚೀರು, ಅಷ್ಟರಲ್ಲಿ ಪ್ರೋಗ್ರಾಮಿನ ಹೆಸರು ಪರದೆಯ ಮೇಲೆ. ಮತ್ತೆ ಶ್ರುತಿ. ಆಮೇಲೆ ಉದ್ದದ ಒರಲು, ಹಳದಿ ಮತ್ತು ಕಡುನೀಲಿ ಗೆರೆಗಳ ಕುಣಿತ. ಸೊನ್ನೆಗೆ ಒಂದು ಅಲೆ, ಒಂದಕ್ಕೆ ಅದರ ಎರಡು ಪಟ್ಟು ಉದ್ದದ ಅಲೆ, ಇಷ್ಟೇ ಅದರ ಭಾಷೆ. ಇಂಥ ಒಂದೊಂದು ಸೊನ್ನೆ ಅಥವಾ ಒಂದು ಒಂದು ‘ಬಿಟ್’, ಸೆಕೆಂಡಿಗೆ ಸರಾಸರಿ 1,400 ಬಿಟ್ ಕೂಡ ದಾಟದು. ಮೆಮೊರಿ ಪೂರ್ತಿ ತುಂಬಬೇಕೆಂದರೆ ಐದು ನಿಮಿಷ. ನಾಲ್ಕೂವರೆ ನಿಮಿಷಕ್ಕೆ ಎಲ್ಲೋ ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಮತ್ತೆ ಮೊದಲಿಂದ. ಟೇಪಿನಲ್ಲಿ ಕೂದಲೆಳೆಯಷ್ಟು ಹಾಳಾಗಿದ್ದರೂ ಕೊನೆಗೆ ಬರುವುದು ‘ಟೇಪ್ ಲೋಡಿಂಗ್ ಎರರ್’ ಎಂಬ ಒಂದು ಸಾಲು. ನಾನು ಆಗ ಐದನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷ್ ಪಾಠ ಶುರುವಾದ ವರ್ಷ ಅದು, ಮತ್ತು ನಾನು ಇಡಿಯಾಗಿ ಓದಲು ಕಲಿತ ಮೊದಲ ಇಂಗ್ಲಿಷ್ ವಾಕ್ಯ ಬಹುಶಃ ಅದೇ.

1993ರ ಹೊತ್ತಿಗೆ ಚಿಕ್ಕಪ್ಪ ಕೆಲಸ ಬಿಟ್ಟು ತೋಟಕ್ಕೆ ಮರಳಿದ್ದ. ಸ್ಪೆಕ್ಟ್ರಮ್ ಮೆತ್ತಿಗೆ, ಅಂದರೆ ಅಟ್ಟಕ್ಕೆ, ಹೋಯಿತು. ಮನೆ ರಿಪೇರಿಯ ನೆವದಲ್ಲಿ ಹೋದ ವರ್ಷ ಕೆಳಗಿಳಿಸಿದಾಗ ಪೆಟ್ಟಿಗೆಯ ಮೇಲೆ ಹೊಗೆಯ ಕಪ್ಪು ಬೆರಳು ದಪ್ಪ ಕೂತಿತ್ತು.

ನಾನು ನೌಕರಿ ಮಾಡುವುದು ಕಾರವಾರದಲ್ಲಿ. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ದೇವಿಮನೆ ಘಟ್ಟ ಇಳಿಸಿ, ಕುಮಟಾ ದಾಟಿಸಿ ಕಾರವಾರಕ್ಕೆ ತಂದೆ. ನಮ್ಮ ಜಿಲ್ಲೆಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಎರಡು ಶತ್ರು. ಘಟ್ಟದ ಮೇಲೆ ಬೂಷ್ಟು, ಘಟ್ಟದ ಕೆಳಗೆ ಉಪ್ಪುಗಾಳಿ. ಬೂಷ್ಟು ಹಿಡಿದದ್ದನ್ನು ಉಪ್ಪುಗಾಳಿಗೆ ತಂದು ತೆರೆದಿಟ್ಟರೆ ಹಿತ್ತಾಳೆ, ತಾಮ್ರ ಎಲ್ಲ ಬೇಗನೇ ಹಸಿರು ಕಟ್ಟುತ್ತವೆ. ಅದಕ್ಕೇ ಕೆಲಸ ಮುಗಿದ ಕೂಡಲೇ ಸಿಲಿಕಾ ಜೆಲ್ ಪುಡಿಕೆಗಳ ಜೊತೆ ಮುಚ್ಚಳ ಬಿಗಿಯಾದ ಡಬ್ಬಕ್ಕೆ ಹಾಕಿಡುತ್ತಿದ್ದೆ.

ರಿಪೇರಿಯ ಕತೆಯನ್ನು ಉದ್ದ ಮಾಡುವುದಿಲ್ಲ. ಒಣಗಿದ ಕೆಪಾಸಿಟರುಗಳನ್ನು ಬದಲಿಸಿದೆ. ಕೀಲಿಗಳ ಕೆಳಗಿನ ಪ್ಲಾಸ್ಟಿಕ್ ಹಾಳೆ ಮುಟ್ಟಿದರೆ ಮುರಿಯುವಂತಾಗಿತ್ತು. ಈಗಲೂ ಹೊಸದು ಮಾಡುವವರಿದ್ದಾರೆ, ತರಿಸಿದೆ. ಟಿವಿಗೆ ಆಂಟೆನಾ ಮೂಲಕ ಕೊಡುವ ಬದಲು ಒಳಗಿನ ವಿಡಿಯೋ ಸಂಕೇತವನ್ನೇ ನೇರ ಹೊರತೆಗೆದೆ. ಒಂದು ಮಾತು ಮಾತ್ರ ಹೇಳಲೇಬೇಕು. ಸ್ಪೆಕ್ಟ್ರಮ್ಮಿನ 9 ವೋಲ್ಟ್ ಪಿನ್ನಿನ ನಡುವೆ ಇರುವುದು ನೆಗೆಟಿವ್. ಇವತ್ತು ಅಂಗಡಿಯಲ್ಲಿ ಸಿಗುವ ಹೆಚ್ಚಿನ ಅಡಾಪ್ಟರುಗಳಲ್ಲಿ ಇರುವುದು ಪಾಸಿಟಿವ್. ನೋಡದೆ ಚುಚ್ಚಿದರೆ ಇಷ್ಟು ವರ್ಷ ಉಳಿದದ್ದು ಒಂದು ಕ್ಷಣಕ್ಕೆ ಸುಟ್ಟುಹೋಗಬಹುದು.

ಯಂತ್ರ ಬದುಕಿತು. ಈಗ ಅದಕ್ಕೆ ಊಟ ಹಾಕುವುದು ಹೇಗೆ?

ಇದಕ್ಕೆ ಇವತ್ತು ಹಲವು ದಾರಿಗಳಿವೆ, ಮತ್ತು ಇವನ್ನೆಲ್ಲ ಮಾಡಿದವರು ದೊಡ್ಡ ಕಂಪನಿಗಳಲ್ಲ, ಹೆಚ್ಚಿನವರು ರಾತ್ರಿ ಕೂತು ಬೆಸುಗೆ ಹಾಕುವ ಹವ್ಯಾಸಿಗಳು. ಅವರ ಬಗ್ಗೆ ನನಗೆ ಬಹಳ ಗೌರವವಿದೆ. ಸರಳವಾದದ್ದು ಟಿಝಡ್‌ಎಕ್ಸ್‌ಡುಯಿನೋ. ನಮಗೆ ಬೇಕಾದ ಪ್ರೋಗ್ರಾಮ್ ಹಾಕಬಲ್ಲ ಪುಟ್ಟ ಆರ್ಡುಯಿನೋ ಬೋರ್ಡು, ಒಂದು ಎಸ್‌ಡಿ ಕಾರ್ಡು. ಕಾರ್ಡಿನಲ್ಲಿರುವ ಫೈಲನ್ನು ಹಳೆಯ ಟೇಪಿನ ದನಿಯನ್ನಾಗಿ ಮಾಡಿ ಕಂಪ್ಯೂಟರಿನ ಇಯರ್ ತೂತಿಗೆ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ಟೇಪೆಂದೇ ತಿಳಿಯುತ್ತದೆ. ಬಣ್ಣದ ಪಟ್ಟಿ, ಒರಲು, ಐದು ನಿಮಿಷ, ಎಲ್ಲವೂ ಇದ್ದಹಾಗೇ. ತಪ್ಪುವುದು ಟೇಪ್ ಸಿಕ್ಕಿಕೊಳ್ಳುವ ಭಯವೊಂದೇ.

ಬೇರೆ ಯಂತ್ರಗಳವರಿಗೂ ಅವರವರದ್ದಿದೆ. ಕಮೋಡೋರ್ 64ಕ್ಕೆ ಎಸ್‌ಡಿ2ಐಇಸಿ ಎಂಬುದು ಫ್ಲಾಪಿ ಡ್ರೈವಿನ ಜಾಗದಲ್ಲಿ ಕೂರುತ್ತದೆ. ಆದರೆ ಕಮೋಡೋರಿನ 1541 ಡ್ರೈವಿನೊಳಗೆ ಪ್ರತ್ಯೇಕ ಪ್ರೊಸೆಸರೇ ಇತ್ತು, ಎಷ್ಟೋ ಆಟಗಳು ಆ ಪ್ರೊಸೆಸರಿಗೂ ತಮ್ಮ ಪ್ರೋಗ್ರಾಮ್ ಕಳಿಸುತ್ತಿದ್ದವು. ಅಂಥವು ಎಸ್‌ಡಿ2ಐಇಸಿಯಲ್ಲಿ ಓಡುವುದಿಲ್ಲ. ಅವಕ್ಕೆ ಇಡೀ ಡ್ರೈವನ್ನೇ ಒಳಗೊಳಗೆ ನಟಿಸುವ ಪೈ1541 ಬೇಕು. ಫ್ಲಾಪಿ ಬಳಸುವ ಅಮಿಗಾದಂಥವಕ್ಕೆ ಗೋಟೆಕ್ ಇದೆ, ಪೆನ್‌ಡ್ರೈವನ್ನೇ ಫ್ಲಾಪಿ ಎಂದು ತೋರಿಸುತ್ತದೆ. ಭಾರತ ಸರ್ಕಾರ 1984ರಲ್ಲಿ ಕ್ಲಾಸ್ ಎಂಬ ಯೋಜನೆಯಡಿ ಆಯ್ದ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ. ಅದಕ್ಕೂ ಈಗ ಎಸ್‌ಡಿ ಕಾರ್ಡ್ ಜೋಡಿಸಬಹುದು. ಯಾವುದಾದರೂ ಶಾಲೆಯ ಕಪಾಟಿನಲ್ಲಿ ಅಂಥದ್ದೊಂದು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.

ನಾನು ತರಿಸಿದ್ದು ಡಿವ್‌ಎಂಎಂಸಿ. ಇದರ ಪೂರ್ವಜ ಡಿವ್‌ಐಡಿಇ ಎಂಬ ಝೆಕ್ ದೇಶದ ಬೋರ್ಡು. ಅದು ಹಾರ್ಡ್‌ಡಿಸ್ಕ್ ಜೋಡಿಸಲು ಮಾಡಿದ್ದು, ಇದು ಎಸ್‌ಡಿ ಕಾರ್ಡಿಗೆ. ಮೊದಲ ಎರಡು ಸಂಜೆ ಏನೂ ಬರಲಿಲ್ಲ. ಬೋರ್ಡಿನ ಚಿಪ್ಪಿನಲ್ಲಿದ್ದ ಇಎಸ್‌ಎಕ್ಸ್‌ಡಾಸ್ ಎಂಬ ತಂತ್ರಾಂಶದ ಆವೃತ್ತಿ ಒಂದು, ಕಾರ್ಡಿನಲ್ಲಿ ನಾನು ಹಾಕಿದ ಆವೃತ್ತಿ ಇನ್ನೊಂದು. ಎರಡೂ ಒಂದೇ ಆಗಿರಬೇಕು. ಸರಿಮಾಡಿದ ಮೇಲೆ ತಕರಾರಿಲ್ಲ.

ಇದು ಕೆಲಸ ಮಾಡುವ ರೀತಿ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಚೆಂದ. ಸ್ಪೆಕ್ಟ್ರಮ್ಮಿನ, ಕರೆಂಟು ಹೋದರೂ ಅಳಿಯದ 16 ಕೆಬಿ ರೋಮ್‌ನಲ್ಲಿ ಟೇಪ್ ಓದುವ ಸಣ್ಣ ಪ್ರೋಗ್ರಾಮೊಂದು ಕಾಯಂ ಕೂತಿರುತ್ತದೆ. ಲೋಡ್ ಎಂದಾಗ ಪ್ರೊಸೆಸರ್ ಅಲ್ಲಿಗೇ ಹೋಗುತ್ತದೆ, ಹೋಗುವಾಗ ಹೆಕ್ಸಾಡೆಸಿಮಲ್ ಎಂಬ ಹದಿನಾರರ ಲೆಕ್ಕದ 0562 ಎಂಬ ವಿಳಾಸವನ್ನು ದಾಟಲೇಬೇಕು. ಬೆನ್ನಿಗೆ ಕೂತ ಬೋರ್ಡು ವಿಳಾಸದ ತಂತಿಗಳ ಮೇಲೆ ಸದಾ ಕಣ್ಣಿಟ್ಟಿರುತ್ತದೆ. 0562 ಕಂಡಿತೋ, ರೋಮ್‌ನ 16 ಕೆಬಿಯನ್ನೂ ಬದಿಗೆ ಸರಿಸಿ ಆ ಜಾಗದಲ್ಲಿ ತನ್ನ ಮೆಮೊರಿಯನ್ನು ತಂದು ನಿಲ್ಲಿಸುತ್ತದೆ. ಯಕ್ಷಗಾನದಲ್ಲಿ ಒಂದೇ ಪಾತ್ರದ ಪೂರ್ವಾರ್ಧಕ್ಕೆ ಒಬ್ಬ, ಉತ್ತರಾರ್ಧಕ್ಕೆ ಇನ್ನೊಬ್ಬ ವೇಷ ಮಾಡುತ್ತಾರಲ್ಲ, ಹಾಗೆ. ಭಾಗವತರ ತಾಳ ನಿಲ್ಲುವುದಿಲ್ಲ, ಪಾತ್ರವೂ ಅದೇ. ಹೊಸಬ ಬಂದು ಟೇಪಿನಿಂದ ತರಬೇಕಿದ್ದ ಬೈಟುಗಳನ್ನು, ಅಂದರೆ ಎಂಟೆಂಟು ಬಿಟ್‌ಗಳ ಕಟ್ಟುಗಳನ್ನು, ಕಾರ್ಡಿನಿಂದ ತಂದು ಮೆಮೊರಿಯಲ್ಲಿ ಜೋಡಿಸಿ, ಹಳಬನನ್ನು ಮತ್ತೆ ರಂಗಕ್ಕೆ ಬಿಟ್ಟು ಹಿಂದೆ ಸರಿಯುತ್ತಾನೆ. ಸೇವ್ ಮಾಡುವಾಗಲೂ ಹೀಗೇ, ಅಲ್ಲಿಯ ವಿಳಾಸ 04ಸಿ6. 1982ರಲ್ಲಿ ರೋಮ್ ಬರೆದವರು ಊಹಿಸಿರಲೂ ಇಲ್ಲದ ಒಂದು ಬಾಗಿಲನ್ನು ಎಷ್ಟೋ ವರ್ಷದ ಮೇಲೆ ಯಾರೋ ಅದೇ ಗೋಡೆಯಲ್ಲಿ ಕಂಡುಹಿಡಿದರು.

ಎಲ್ಲ ಆಟಗಳೂ ಆ ಬಾಗಿಲಿನಿಂದ ಬರುವುದಿಲ್ಲ. ಕಳ್ಳಪ್ರತಿ ತಡೆಯಲು ಅಥವಾ ಬೇಗ ಲೋಡ್ ಆಗಲು ತಮ್ಮದೇ ಟೇಪ್ ಓದುವ ಪ್ರೋಗ್ರಾಮ್ ಬರೆದುಕೊಂಡವು ರೋಮ್ ಕಡೆ ತಿರುಗಿಯೂ ನೋಡುವುದಿಲ್ಲ. ಅವಕ್ಕೆ ಸ್ನ್ಯಾಪ್‌ಶಾಟ್ ಫೈಲು ಬಳಸುತ್ತಾರೆ. ಆಟ ಲೋಡ್ ಆಗಿ ನಿಂತ ಹೊತ್ತಿನ ಇಡೀ ಮೆಮೊರಿ, ಜೊತೆಗೆ ಪ್ರೊಸೆಸರಿನ ಸ್ಥಿತಿ, ಒಟ್ಟು 49,179 ಬೈಟು. ಅನುಕೂಲವೇನೋ ಹೌದು. ಆದರೆ ನನಗೆ ಸ್ನ್ಯಾಪ್‌ಶಾಟ್ ಅಷ್ಟಾಗಿ ಒಗ್ಗಲಿಲ್ಲ. ಟೇಪಿನಲ್ಲಿ ಯಾವ ತುಂಡು ಮೊದಲು ಬಂತು, ಯಾವುದಕ್ಕೆ ಏನು ಹೆಸರಿತ್ತು ಎಂಬುದೆಲ್ಲ ಅದರಲ್ಲಿ ಉಳಿಯುವುದಿಲ್ಲ. ಉಳಿಸುವುದೇ ಉದ್ದೇಶವಾದರೆ ಟೇಪಿನ ತುಂಡುಗಳನ್ನು ಇದ್ದ ಕ್ರಮದಲ್ಲೇ ಇಡುವ ಟ್ಯಾಪ್ ಅಥವಾ ಟಿಝಡ್‌ಎಕ್ಸ್ ಫೈಲೇ ಸರಿ.

ನಾಲ್ಕು ಜಿಬಿಯ ಕಾರ್ಡೊಂದರಲ್ಲಿ ಸ್ಪೆಕ್ಟ್ರಮ್ಮಿನ ಇಡೀ ಮೆಮೊರಿಯನ್ನು 80 ಸಾವಿರಕ್ಕೂ ಹೆಚ್ಚು ಸಲ ತುಂಬಿಡಬಹುದು. ಬೇರೆ ಬೇರೆ ದೇಶಗಳ ಜನ ಕ್ಯಾಸೆಟ್ಟು ಹುಡುಕಿ ಹುಡುಕಿ ಉಳಿಸಿಟ್ಟ ಆಟಗಳೆಲ್ಲ ಅದರೊಳಗೆ ಹಿಡಿಯುತ್ತವೆ. ಮೊದಲ ವಾರ ಅವನ್ನೆಲ್ಲ ಒಂದರ ಮೇಲೊಂದು ತೆರೆದು ನೋಡಿದೆ. ನಾನು ಚಿಕ್ಕವಳಿದ್ದಾಗ ಕರೆಂಟು ಹೋಗಿ ಒಮ್ಮೆಯೂ ಕೊನೆ ಕಾಣದ ಆಟಗಳೂ ಇದ್ದವು.

ಆ ಪಟ್ಟಿಯಲ್ಲಿ ಅಡಿಕೆ ಲೆಕ್ಕ ಇರಲಿಲ್ಲ.

ಇರುವುದು ಹೇಗೆ? ಅದನ್ನು ಬರೆದದ್ದು ಚಿಕ್ಕಪ್ಪ. 1988ರ ಮಳೆಗಾಲದ ರಜೆಯಲ್ಲಿ, ಇದೇ ಜಗಲಿಯಲ್ಲಿ. ರಾಶಿ, ಚಾಲಿ, ಬೆಟ್ಟೆ, ಕೋಕಾ ಎಂದು ಅಡಿಕೆಯ ಒಂದೊಂದು ಬಗೆಯ ತೂಕ, ದರ ಕೇಳುತ್ತದೆ. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಕೂಲಿ, ಅಡಿಕೆ ಸುಲಿದವರ ಕೂಲಿ, ಕೊಳೆರೋಗಕ್ಕೆ ಮದ್ದು ಹೊಡೆದ ಖರ್ಚು, ಎಲ್ಲ ಕಳೆದು ಕೈಗೆ ಉಳಿದದ್ದೆಷ್ಟು ಎಂದು ಹೇಳುತ್ತದೆ. ಅಜ್ಜನ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕಕ್ಕೂ ಇದಕ್ಕೂ ತಾಳೆಯಾದ ದಿನ ಮನೆಯಲ್ಲಿ ಕಾಯಿಕಡುಬು ಮಾಡಿದ್ದರು. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಆ ಪ್ರೋಗ್ರಾಮ್ ಕನ್ನಡದಲ್ಲಿ ಕೇಳುತ್ತಿತ್ತು.

ಸ್ಪೆಕ್ಟ್ರಮ್ಮಿನಲ್ಲಿ ಬಳಸುವವರೇ ರೂಪಿಸಿಕೊಳ್ಳಬಹುದಾದ 21 ಚಿತ್ರಾಕ್ಷರಗಳಿಗೆ ಜಾಗವಿದೆ. ಒಂದೊಂದಕ್ಕೆ ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಚೌಕ, ಅಂದರೆ ಎಂಟು ಬೈಟು. ಚಿಕ್ಕಪ್ಪ ಚೌಕಳಿ ಪುಸ್ತಕದಲ್ಲಿ ಅಕ್ಷರಗಳನ್ನು ಬರೆದು, ತುಂಬಿದ ಚೌಕಕ್ಕೆ ಒಂದು, ಖಾಲಿ ಚೌಕಕ್ಕೆ ಸೊನ್ನೆ ಹಾಕಿ 18 ಅಕ್ಷರ ಮಾಡಿಕೊಂಡಿದ್ದ. ಎಂಟು ಚುಕ್ಕಿಯೊಳಗೆ ‘ಟ್ಟೆ’ ಕೂರುವುದಿಲ್ಲ, ಅದಕ್ಕೆ ಮೇಲೊಂದು ಕೆಳಗೊಂದು ಎರಡು ಚೌಕ. ನಾನು ಪಕ್ಕದಲ್ಲಿ ಕೂತು ಚೌಕಗಳಿಗೆ ಪೆನ್ಸಿಲ್ ತುಂಬಿದ್ದು ನೆನಪಿದೆ. ಟಿವಿಯಲ್ಲಿ ‘ಅಡಿಕೆ’ ಎಂದು ಮೂಡಿದಾಗ ಅಜ್ಜ ಎದ್ದು ಬಂದು ಗಾಜಿನ ಮೇಲೆ ಬೆರಳಾಡಿಸಿದ್ದರು.

ಜಗತ್ತಿನ ಯಾವ ಸಂಗ್ರಹದಲ್ಲೂ ಇಲ್ಲದ ಆ ಪ್ರೋಗ್ರಾಮ್ ಇದ್ದದ್ದು ಒಂದೇ ಕಡೆ. ಒಂದು ಸಿ-60 ಕ್ಯಾಸೆಟ್ಟಿನ ಎ ಬದಿಯಲ್ಲಿ.

ಕ್ಯಾಸೆಟ್ಟು ಸಿಕ್ಕಿತು, ಮೆತ್ತಿಯ ಇನ್ನೊಂದು ಮೂಲೆಯಲ್ಲಿ, ಯಕ್ಷಗಾನದ ಕ್ಯಾಸೆಟ್ಟುಗಳ ಬುಟ್ಟಿಯಲ್ಲಿ. ಸುರುಳಿಯ ಒಂದು ಬದಿಗೆ ಬಿಳಿ ಬೂಷ್ಟು ಹತ್ತಿತ್ತು. ಟೇಪನ್ನು ಅದನ್ನು ಓದುವ ತಲೆಗೆ, ಅಂದರೆ ಹೆಡ್ಡಿಗೆ, ಒತ್ತುವ ಪುಟ್ಟ ಬಟ್ಟೆಮೆತ್ತೆ ಕಳಚಿ ಬಿದ್ದಿತ್ತು. ಈ ಸ್ಥಿತಿಯಲ್ಲಿ ಹಾಕಿ ತಿರುಗಿಸಿದ್ದರೆ ಬೂಷ್ಟಿಗೆ ಅಂಟಿದ ಪದರ ಕಿತ್ತು ಬರುತ್ತಿತ್ತು. ಹತ್ತು ದಿನ ಸಿಲಿಕಾ ಜೆಲ್ ಡಬ್ಬದಲ್ಲಿ ಒಣಗಿಸಿದೆ. ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಮೃದು ಬ್ರಶ್ಶಿನಿಂದ ಒಣಬೂಷ್ಟು ತೆಗೆದೆ. ಸುರುಳಿಗಳನ್ನು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿ, ಪೆನ್ಸಿಲ್ ಚುಚ್ಚಿ ಕೈಯಲ್ಲೇ ಆಚೀಚೆ ಒಮ್ಮೆ ಸುತ್ತಿದೆ. ಕಾರವಾರದ ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಹಿರಿಯರೊಬ್ಬರು ತಮ್ಮ ಅಂಗಡಿಯ ಹಳೆಯ ಕ್ಯಾಸೆಟ್ ಡೆಕ್ಕಿಗೆ ಹೊಸ ಬೆಲ್ಟ್ ಹಾಕಿ ಕೊಟ್ಟರು. ದುಡ್ಡು ಕೊಡಹೋದರೆ, “ನಾವಡರ ಪದ್ಯ ಬಂದ್ರೆ ನಂಗೂ ಒಂದು ಪ್ರತಿ ಕೊಡಿ, ಸಾಕು” ಅಂದರು. ಬಿ ಬದಿಯಲ್ಲಿ ಇರುವುದು ಕಾಳಿಂಗ ನಾವಡರ ಭಾಗವತಿಕೆ ಎಂದು ನಾನೇ ಮಾತಿಗೆ ಹೇಳಿದ್ದೆ.

ಡೆಕ್ಕಿನಿಂದ ಬಂದ ದನಿಯನ್ನು ಲ್ಯಾಪ್‌ಟಾಪಿಗೆ ಇಳಿಸಿದೆ, ಸೆಕೆಂಡಿಗೆ 44,100 ಮಾದರಿಯಂತೆ, ಅಂದರೆ ಅಷ್ಟು ಸಲ ಅಲೆಯನ್ನು ಅಳೆದು. ಡಾಲ್ಬಿಯಂಥ ಸದ್ದು ತಗ್ಗಿಸುವ ಸೌಲಭ್ಯಗಳೆಲ್ಲ ಬಂದ್. ತಲೆಯ ಪಕ್ಕದ ಚಿಕ್ಕ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಒರಲು ಅತಿ ಹರಿತವಾಗಿ ಕೇಳುವ ಕಡೆ ನಿಲ್ಲಿಸಬೇಕು. ಹಳೆಯ ಟೇಪ್‌ರೆಕಾರ್ಡರಿನ ತಲೆ ಯಾವ ಓರೆಯಲ್ಲಿತ್ತೋ ಹೊಸದೂ ಅದೇ ಓರೆಗೆ ಬರಬೇಕು. ಕಿವಿಯೊಂದೇ ಅಳತೆಗೋಲು.

ಮೊದಲು ಕೇಳಿದ್ದು ಒರಲಲ್ಲ, ಮನುಷ್ಯನ ದನಿ. “ಅಡಿಕೆ, ಒಂದನೇ ಪ್ರತಿ.” ಮೂವತ್ತೆಂಟರ ಹರೆಯದ ಚಿಕ್ಕಪ್ಪ. ಹಿಂದೆ ಮಳೆ. ತಂತಿ ಚುಚ್ಚುವ ಮೊದಲು ಟೇಪಿನ ಮೈಕಿಗೆ ಹೆಸರು ಹೇಳಿಡುವುದು ಅವನ ಪದ್ಧತಿಯಾಗಿತ್ತು, ಮುಂದೆ ಹುಡುಕಲು ಸುಲಭ ಎಂದು. ಅದು ಮುಗಿದು ಶ್ರುತಿ ಶುರುವಾಯಿತು. ಸುಮಾರು ಮುಕ್ಕಾಲು ನಿಮಿಷದ ಒರಲು. ಆಮೇಲೆ ಮತ್ತೆ, “ಅಡಿಕೆ, ಎರಡನೇ ಪ್ರತಿ.”

ಫೋನು ಮಾಡಿ ಕೇಳಿದೆ. “ಹೌದು, ಆನು ಎರಡು ಸಲ ಸೇವ್ ಮಾಡ್ತಿದ್ದಿ. ಒಂದು ಹಾಳಾದ್ರೆ ಇನ್ನೊಂದು ಇರ್ತು ಹೇಳಿ” ಅಂದ.

ಎರಡೂ ಹಾಳಾಗಿದ್ದವು. ಲ್ಯಾಪ್‌ಟಾಪಿನಲ್ಲಿ ಸ್ಪೆಕ್ಟ್ರಮ್ಮನ್ನು ನಟಿಸುವ ಫ್ಯೂಸ್ ಎಂಬ ಎಮ್ಯುಲೇಟರಿನ ಉಪಕರಣಗಳಲ್ಲಿ ದನಿಯನ್ನು ಫೈಲಾಗಿಸುವುದೊಂದಿದೆ. ಪ್ರತಿ ತುಂಡಿನ ಕೊನೆಯಲ್ಲಿ ಅದರ ಎಲ್ಲ ಬೈಟುಗಳಿಂದ ಲೆಕ್ಕ ಹಾಕಿದ ಒಂದು ತಾಳೆಯ ಬೈಟು ಇರುತ್ತದೆ. ಎರಡು ಪ್ರತಿಗಳ ತಾಳೆಯೂ ತಪ್ಪಿತ್ತು. ಬೂಷ್ಟು ಸುರುಳಿಯ ಪಕ್ಕದಿಂದ ಒಳಗಿಳಿದಿದ್ದರಿಂದ ಸುರುಳಿ ಒಂದು ಸುತ್ತು ಬಂದಾಗಲೆಲ್ಲ, ಎರಡು ಮೂರು ಸೆಕೆಂಡಿಗೊಮ್ಮೆ, ದನಿ ಒಂದಿಷ್ಟು ಇಳಿಯುತ್ತಿತ್ತು. ಹೆಚ್ಚಿನ ಕಡೆ ಇಳಿದರೂ ಓದಲು ಬರುವಂತಿತ್ತು, ಕೆಲವು ಕಡೆ ಇಲ್ಲ.

ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಕೂಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಸ್ಪೆಕ್ಟ್ರಮ್ ಒಂದೊಂದು ಸಾಲನ್ನೂ ಕ್ರಮವಾಗಿ ಇಡುತ್ತದೆ, ಮೊದಲು ಎರಡು ಬೈಟು ಸಾಲಿನ ಸಂಖ್ಯೆ, ಆಮೇಲೆ ಎರಡು ಬೈಟು ಉದ್ದ, ಕೊನೆಗೆ 13 ಎಂಬ ಬೈಟು. ಎಲ್ಲಿ ಕೆಟ್ಟರೂ ಮುಂದಿನ ಸಾಲಿನ ತಲೆ ಗುರುತು ಸಿಗುತ್ತದೆ. ಮೊದಲ ಪ್ರತಿಯಲ್ಲಿ ಕೆಟ್ಟ ಏಳು ಸಾಲು ಎರಡನೆಯದರಲ್ಲಿ ನೆಟ್ಟಗಿದ್ದವು, ಎರಡನೆಯದರಲ್ಲಿ ಕೆಟ್ಟ ನಾಲ್ಕು ಮೊದಲನೆಯದರಲ್ಲಿ. ಒಂದು ರಾತ್ರಿಯಲ್ಲಿ ಮುಗಿಯಿತು. ಸಾಲುಗಳ ನಡುವೆ ನನ್ನ ಹೆಸರೂ ಇತ್ತು, ‘ಚಿತ್ರ ತುಂಬಿದವಳು’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು. ಅದನ್ನು ಅವನು ಎಂದೂ ಹೇಳಿರಲಿಲ್ಲ.

ಕಷ್ಟವಾದದ್ದು ಅಕ್ಷರಗಳು. 21 ಚೌಕ, ಒಂದಕ್ಕೆ ಎಂಟರಂತೆ 168 ಬೈಟು, ಪ್ರತ್ಯೇಕ ತುಂಡಾಗಿ ಪ್ರೋಗ್ರಾಮಿನ ಬೆನ್ನಿಗೆ ಸೇವ್ ಆಗಿತ್ತು. ಸ್ಪೆಕ್ಟ್ರಮ್ಮಿನ ವೇಗದಲ್ಲಿ 168 ಬೈಟು ಅಂದರೆ ಸುಮಾರು ಒಂದು ಸೆಕೆಂಡು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಹಾಗಾದರೆ ನಮ್ಮ ಮನೆಯ ಕನ್ನಡ ಇದ್ದದ್ದು ಹೆಚ್ಚುಕಡಿಮೆ ಐದು ಸೆಂಟಿಮೀಟರ್ ಟೇಪಿನಲ್ಲಿ, ಒಂದು ಅಕ್ಷರಕ್ಕೆ ಎರಡು ಮಿಲಿಮೀಟರಿನ ಮೇಲೆ ಚೂರು. ಇಲ್ಲಿ ಸಾಲಿನ ಸಂಖ್ಯೆಯಿಲ್ಲ, ತಲೆಯಿಲ್ಲ, ಬಾಲವಿಲ್ಲ. ನಡುವೆ ಮೂರು ಬಿಟ್ ಹೋದರೆ ಮುಂದಿನದೆಲ್ಲ ಮೂರು ಬಿಟ್ ಜರುಗಿ ಅಕ್ಷರವೆಲ್ಲ ಚುಕ್ಕಿಗಳ ಗಲಾಟೆಯಾಗುತ್ತದೆ.

ಆ ಒಂದು ಸೆಕೆಂಡನ್ನು ಪರದೆಯ ಅಗಲಕ್ಕೆ ಹತ್ತಾರು ಪಟ್ಟು ಹಿಗ್ಗಿಸಿ ಅಲೆಗಳನ್ನು ಕಣ್ಣಿನಿಂದಲೇ ಎಣಿಸಿದೆ. ಸೊನ್ನೆಯ ಅಲೆಗೆ 21 ಮಾದರಿ, ಒಂದರ ಅಲೆಗೆ 43. ಸೊನ್ನೆ ಸೊನ್ನೆ ಒಂದು ಒಂದು ಒಂದು ಒಂದು ಸೊನ್ನೆ ಸೊನ್ನೆ. ಕಾಗದದ ಮೇಲೆ ಎಂಟೆಂಟರ ಸಾಲು ಮಾಡಿ ಬರೆದೆ. ಸಮುದ್ರದ ಗಾಳಿಗೆ ಕಿಟಕಿ ಹೊಡೆದುಕೊಳ್ಳುವ ರಾತ್ರಿಗಳು. ಮೂರನೇ ರಾತ್ರಿ ‘ಅ’ ಎದ್ದುಬಂತು. ಚುಕ್ಕಿಗಳಿಂದ ಅಲ್ಲ, ನನ್ನದೇ ಪೆನ್ಸಿಲಿನ ಚೌಕಗಳಿಂದ, 1988ರಲ್ಲಿ ತುಂಬಿದ್ದಂತೆಯೇ. ‘ಡಿ’ ಬಂತು. ‘ಕೆ’ ಬಂತು. ಒಂದು ಪ್ರತಿಯಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತ ಹೋಯಿತು. ಎರಡರಲ್ಲೂ ಹೋದದ್ದು ಒಂದೇ ಅಕ್ಷರ. ರಾಶಿಯ ‘ಶಿ’. ಅದರ ಮೇಲಿನ ಎರಡು ಸಾಲು ಚುಕ್ಕಿಯಷ್ಟೇ ಉಳಿದಿದ್ದವು.

ಊಹಿಸಿ ಬರೆದುಬಿಡಬಹುದಿತ್ತು. ಬರೆಯಲಿಲ್ಲ. ಅದು ಚಿಕ್ಕಪ್ಪನ ಕೈಬರಹ.

ದಸರೆ ರಜೆಗೆ ಯಂತ್ರವನ್ನೂ ಬೋರ್ಡನ್ನೂ ಕಟ್ಟಿಕೊಂಡು ಮತ್ತೆ ಘಟ್ಟ ಹತ್ತಿದೆ. ಬೋರ್ಡು ಸಿಕ್ಕಿಸುವ ಮೊದಲು ಸ್ವಿಚ್ ಆರಿದೆಯೇ ಎಂದು ಎರಡೆರಡು ಸಲ ನೋಡಿದೆ. ಕರೆಂಟು ಇರುವಾಗ ಸಿಕ್ಕಿಸಿದರೆ ಕೆಳಗಿನ 16 ಕೆಬಿಯ ಮೆಮೊರಿ ಚಿಪ್ಪುಗಳು ಸಾಯಬಹುದು. ಅವಕ್ಕೆ ಮೂರು ಬೇರೆ ಬೇರೆ ವೋಲ್ಟೇಜು ಒಟ್ಟಿಗೆ ಬೇಕು, ಒಂದು ತಪ್ಪಿದರೂ ತಡೆಯುವುದಿಲ್ಲ.

ಮೊದಲು ಲ್ಯಾಪ್‌ಟಾಪಿನಲ್ಲಿ ಕ್ಯಾಸೆಟ್ಟಿನ ದನಿ ಹಾಕಿದೆ. ತನ್ನ ದನಿ ಕೇಳಿ ಚಿಕ್ಕಪ್ಪ ಏನೂ ಹೇಳಲಿಲ್ಲ. ಒರಲು ಶುರುವಾದಾಗ ಮಾತ್ರ “ಹಾಂ” ಅಂದ. ಟ್ಯಾಪ್ ಫೈಲಿನಲ್ಲಿ ಬೈಟುಗಳಷ್ಟೇ ಉಳಿಯುತ್ತವೆ, ಆ ದನಿ, ಆ ಮಳೆ ಅದರಲ್ಲಿ ಇರುವುದಿಲ್ಲ. ಜುಲೈನಲ್ಲಿ ಅವನು ಕೇಳಿದ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ಹಾಗಾಗಿ ದನಿಯ ಫೈಲನ್ನೂ ಕಾರ್ಡಿನಲ್ಲಿ ಬೇರೆಯೇ ಇಟ್ಟಿದ್ದೇನೆ, ಸ್ಪೆಕ್ಟ್ರಮ್ಮಿಗೆ ಅದರಿಂದ ಉಪಯೋಗವಿಲ್ಲದಿದ್ದರೂ. ಬಿ ಬದಿಯೂ ನೆಟ್ಟಗೆ ಬಂತು. ನಾವಡರು 1990ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲಿ, ರಸ್ತೆ ಅಪಘಾತದಲ್ಲಿ ಹೋದರು. ಬೂಷ್ಟಿನ ಜಾಗದಲ್ಲಿ ಅವರ ಪದ್ಯವೂ ಒಂದಿಷ್ಟು ತಗ್ಗುತ್ತದೆ, ಆದರೆ ಪದ್ಯದಲ್ಲಿ ಮೂರು ಬಿಟ್ ಹೋದರೆ ಮುಂದಿನದು ಜರುಗುವುದಿಲ್ಲ. ರೇಡಿಯೋ ಹಿರಿಯರಿಗೆ ಅವರ ಪ್ರತಿ ತಲುಪಿದೆ.

ಚಿಕ್ಕಪ್ಪ ಕ್ಯಾಲೆಂಡರಿನ ಹಿಂಬದಿಯಲ್ಲಿ ಸ್ಕೇಲು ಹಿಡಿದು ಎಂಟಕ್ಕೆ ಎಂಟು ಚೌಕ ಎಳೆದ. ಉಳಿದ ಎರಡು ಸಾಲನ್ನು ನಾನು ಹೇಳಿದೆ, ಅವನು ತುಂಬಿದ. ಆಮೇಲೆ ನಿಧಾನಕ್ಕೆ ಕೆಳಗಿನದ್ದು. “ಗುಡಿಸು ದೊಡ್ಡಾತು” ಎಂದು ಒಮ್ಮೆ ಅಳಿಸಿದ. ಇನ್ನೊಮ್ಮೆ ಅಳಿಸಿದ. ಕಣ್ಣಿನ ಪೊರೆ ತೆಗೆಸಿಕೊಂಡು ವರ್ಷವಾಗಿದೆ, ಕೈ ಸ್ವಲ್ಪ ನಡುಗುತ್ತದೆ, ಚುಕ್ಕಿಗೆ ಮಾತ್ರ ಜಾಗ ತಪ್ಪಲಿಲ್ಲ. ಅವನು ಸಾಲು ಓದಿದ, ನಾನು ಕೀಲಿ ಒತ್ತಿದೆ. ಎಂಟು ಸಾಲು. ರನ್ ಎಂದೆ. ಟಿವಿಯಲ್ಲಿ ಅಡಿಕೆ ಬಂತು, ಅದರ ಕೆಳಗೆ ರಾಶಿ, ತೂಕ, ಮುಂದೆ ಮಿನುಗುವ ಚೌಕ.

“ಈಗಿನ ರೇಟು ಹಾಕು.”

ಹಾಕಿದೆ. ಹೋದ ಬೆಳೆಯ ರಾಶಿ, ಚಾಲಿ, ಬೆಟ್ಟೆ ಎಲ್ಲ ಹಾಕಿದೆವು. ಕೊನೆಗೌಡನ ಕೂಲಿ ಕೇಳಿದಾಗ ಅವನು ಸ್ವಲ್ಪ ಹೊತ್ತು ಯೋಚಿಸಿ, ಈಗ ದೋಟಿಯಲ್ಲಿ ಕೊಯ್ಯುವವನಿಗೆ ಕೊಟ್ಟದ್ದನ್ನು ಹೇಳಿದ. ಲೆಕ್ಕ ಸರಿಯಾಗಿಯೇ ಬಂತು.

ಇನ್ನು ಸೇವ್ ಮಾಡಬೇಕು. ಕಾರ್ಡಿನಲ್ಲಿ ಹೊಸ ಟ್ಯಾಪ್ ಫೈಲು ತೆರೆದು, ಸೇವ್ ಆದೇಶ ಕೊಟ್ಟೆ. ಪರದೆಯ ಅಡಿಯಲ್ಲಿ ‘ಸ್ಟಾರ್ಟ್ ಟೇಪ್, ದೆನ್ ಪ್ರೆಸ್ ಎನಿ ಕೀ’ ಎಂದು ಬಂತು. ಟೇಪು ಇಲ್ಲದಿದ್ದರೂ ಇದು ಬಂದೇ ಬರುತ್ತದೆ, ಬೋರ್ಡು ಕಾಯುತ್ತಿರುವ 04ಸಿ6ಕ್ಕೆ ತಲುಪುವ ಮೊದಲೇ ರೋಮ್ ಇದನ್ನು ಬರೆದು ನಿಲ್ಲುತ್ತದೆ. ಚಿಕ್ಕಪ್ಪನ ಬಲಗೈ ತಾನಾಗಿಯೇ ಮೇಜಿನ ಬಲಮೂಲೆಗೆ ಹೋಯಿತು. ಅಲ್ಲಿ ಈಗ ಕವಳದ, ಅಂದರೆ ಎಲೆಯಡಿಕೆಯ, ಹರಿವಾಣವಿತ್ತು. ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಕೀಲಿ ಒತ್ತಿದ. ದನಿಯಿಲ್ಲ, ಪಟ್ಟಿಯಿಲ್ಲ. ಸೊನ್ನೆ, ಓಕೆ ಎಂದು ಬಂತು.

“ಆಗೋತನ?”

“ಆತು ಚಿಕ್ಕಪ್ಪ.”

“ಹಂಗಾರೆ ಇನ್ನೊಂದು ಸಲ ಮಾಡು.”